ತಡೆದದ್ದು ಮಳೆಯೋ ಮನುಷ್ಯನೋ: ಇಂಗ್ಲಿಷಿನ ‘ನಿರ್ಬಂಧ’ ಪದಗಳ ಬಗ್ಗೆ

ಪ್ರಶ್ನೆ: ನಾನು ಕೊಡಗಿನ ನಾಪೋಕ್ಲು ಕಡೆಯ ಕಾಫಿ ತೋಟವೊಂದರಲ್ಲಿ ರೈಟರ್, ಅಂದರೆ ಗುಮಾಸ್ತ, ಆಗಿದ್ದೇನೆ. ಮಾಲೀಕರು ಬೆಂಗಳೂರಿನಲ್ಲಿರುವುದರಿಂದ ದಿನದ ವರದಿಯನ್ನು ಇಂಗ್ಲಿಷಿನಲ್ಲಿ ಕಳುಹಿಸಬೇಕು. ಕಳೆದ ಮಳೆಗಾಲದಲ್ಲಿ ರಸ್ತೆಗೆ ನೀರು ನುಗ್ಗಿ ಕಾರ್ಮಿಕರು ಲೈನ್ ಮನೆಗಳಿಂದ (ತೋಟದ ಕಾರ್ಮಿಕರ ಸಾಲುಮನೆಗಳಿಂದ) ಹೊರಡಲಾಗದ ದಿನ ‘ವರ್ಕರ್ಸ್ ಆರ್ ಡಿಟೇನ್ಡ್ ಇನ್ ದಿ ಲೈನ್ಸ್’ ಎಂದು ಬರೆದೆ. ಮಾಲೀಕರು ಗಾಬರಿಯಿಂದ ಫೋನ್ ಮಾಡಿ, ‘ಯಾರು ಅವರನ್ನು ಕೂಡಿಹಾಕಿದ್ದು?’ ಎಂದು ಕೇಳಿದರು. ನಿಘಂಟು ತೆರೆದರೆ ಕನ್‌ಫೈನ್, ರಿಸ್ಟ್ರಿಕ್ಟ್, ರಿಸ್ಟ್ರೇನ್, ಡಿಟೇನ್ ಎಲ್ಲಕ್ಕೂ ‘ನಿರ್ಬಂಧಿಸು, ತಡೆಹಿಡಿ’ ಎಂಬ ಅರ್ಥವೇ ಇದೆ. ಯಾವುದನ್ನು ಎಲ್ಲಿ ಬಳಸಬೇಕು?

ಉತ್ತರ: ನಿಮ್ಮ ಮಾಲೀಕರು ಗಾಬರಿಗೊಂಡದ್ದು ಸಹಜ. ನೀವು ಬರೆದ ವಾಕ್ಯವನ್ನು ಇಂಗ್ಲಿಷ್ ಬಲ್ಲವರು ಓದಿದರೆ, ಯಾರೋ ಅಧಿಕಾರ ಚಲಾಯಿಸಿ ಕಾರ್ಮಿಕರನ್ನು ಲೈನ್ ಮನೆಗಳಲ್ಲಿ ಹಿಡಿದಿಟ್ಟಿದ್ದಾರೆ ಎಂಬ ಚಿತ್ರವೇ ಕಣ್ಣಿಗೆ ಬರುತ್ತದೆ. 1976ರ ಜೀತ ಪದ್ಧತಿ ರದ್ದತಿ ಕಾಯ್ದೆ ಜಾರಿಯಲ್ಲಿರುವ ದೇಶದಲ್ಲಿ ತೋಟದ ವರದಿಯೊಂದರಲ್ಲಿ ಅಂಥ ವಾಕ್ಯ ಉಳಿದುಬಿಟ್ಟರೆ ಮುಂದೊಂದು ದಿನ ಅದನ್ನು ಯಾರು ಹೇಗೆ ಓದುತ್ತಾರೆಂದು ಹೇಳಲಾಗದು. ಆದರೆ ಇದರಲ್ಲಿ ನಿಮ್ಮ ತಪ್ಪಿಗಿಂತ ನಿಘಂಟಿನ ಪಾಲು ದೊಡ್ಡದು. ಮಡಿಕೇರಿಯಲ್ಲಿ ಕುಳಿತು ದೂರು, ಕರಾರು, ಜಾಗದ ಕಾಗದಪತ್ರಗಳನ್ನು ಕನ್ನಡದಿಂದ ಇಂಗ್ಲಿಷಿಗೂ ಇಂಗ್ಲಿಷಿನಿಂದ ಕನ್ನಡಕ್ಕೂ ಅನುವಾದಿಸುತ್ತ ಬಂದಿರುವ ನನಗೆ, ‘ನಿರ್ಬಂಧ’ ಎಂಬ ಈ ಒಂದು ಪದ ಮಾಡಿಸಿದಷ್ಟು ತಿದ್ದುಪಡಿಯನ್ನು ಬೇರಾವ ಪದವೂ ಮಾಡಿಸಿಲ್ಲ.

ಮೊದಲು ನೀವು ಬಳಸಿದ ‘ಡಿಟೇನ್’ ಪದವನ್ನೇ ನೋಡೋಣ. ಇದರ ಲ್ಯಾಟಿನ್ ಮೂಲದಲ್ಲಿ ‘ಹಿಡಿದಿಡು’ ಎಂಬ ಅರ್ಥವಿದೆ. ಹಿಡಿದಿಡಬೇಕಾದರೆ ಒಂದು ಕೈ ಬೇಕು. ಇಂದಿನ ಬಳಕೆಯಲ್ಲಿ ಆ ಕೈ ಬಹುತೇಕ ಪೊಲೀಸರದು, ಗಡಿ ಕಾಯುವವರದು ಅಥವಾ ಸರ್ಕಾರದ್ದು. ನಮ್ಮ ಸಂವಿಧಾನದ 22ನೇ ವಿಧಿ ಬಂಧನ ಮತ್ತು ಡಿಟೆನ್ಷನ್ ಎರಡರ ಬಗೆಗೂ ಮಾತನಾಡುತ್ತದೆ: ಬಂಧಿಸಿ ವಶದಲ್ಲಿಟ್ಟುಕೊಂಡವರನ್ನು 24 ಗಂಟೆಗಳೊಳಗೆ ಮ್ಯಾಜಿಸ್ಟ್ರೇಟರ ಮುಂದೆ ಹಾಜರುಪಡಿಸಬೇಕೆನ್ನುವುದೂ, ಮುನ್ನೆಚ್ಚರಿಕೆಯ ಬಂಧನಕ್ಕೆ ಮಿತಿಗಳನ್ನು ಹಾಕುವುದೂ ಅದೇ ವಿಧಿ. ಹೀಗಾಗಿ ಒಬ್ಬ ವ್ಯಕ್ತಿಯ ಹೆಸರಿನ ಮುಂದೆ ‘ಡಿಟೇನ್ಡ್’ ಬಂದು, ಅದರ ಮುಂದೆ ಒಂದು ಸ್ಥಳದ ಹೆಸರು ಬಂದರೆ, ಓದುಗರ ಮನಸ್ಸು ತಾನಾಗಿ ಠಾಣೆಯ ಕಡೆಗೆ ಹೋಗುತ್ತದೆ.

ಆದರೂ ಈ ಪದಕ್ಕೆ ಸೌಮ್ಯವಾದ ಮುಖವೂ ಇದೆ. ಹಳೆಯ ಶೈಲಿಯ ಇಂಗ್ಲಿಷಿನಲ್ಲಿ ‘ಐ ವಾಸ್ ಡಿಟೇನ್ಡ್ ಬೈ ರೇನ್’ ಎಂದರೆ ‘ಮಳೆಯಿಂದ ತಡವಾಯಿತು’ ಎಂದಷ್ಟೇ ಅರ್ಥ. ಅಲ್ಲಿ ‘ಬೈ’ ಬಂದು ಕಾರಣವನ್ನು ಹೇಳಿತು. ನೀವು ‘ಇನ್’ ಬಳಸಿ ಸ್ಥಳವನ್ನು ಹೇಳಿದಿರಿ. ಒಂದು ಸಣ್ಣ ಅಕ್ಷರಜೋಡಿ ಬದಲಾದದ್ದರಿಂದ ತಡವಾದವರು ಸೆರೆಯಾದವರಾಗಿಬಿಟ್ಟರು. ನಮ್ಮ ಶಾಲೆಗಳಲ್ಲಿ ‘ಹುಡುಗ ಏಳನೇ ತರಗತಿಯಲ್ಲಿ ಡಿಟೇನ್ ಆದ’ ಎನ್ನುವ ಮಾತಿದೆಯಲ್ಲ, ಅದು ಮೂರನೆಯ ಬಗೆ. ಮುಂದಿನ ತರಗತಿಗೆ ಬಿಡದೆ ಉಳಿಸಿಕೊಂಡರು ಎಂದು ಅರ್ಥ. 2009ರ ಶಿಕ್ಷಣ ಹಕ್ಕು ಕಾಯ್ದೆಯಲ್ಲಿ ಎಂಟನೇ ತರಗತಿಯವರೆಗೆ ಹಾಗೆ ಉಳಿಸಿಕೊಳ್ಳಬಾರದೆಂದು ಇದ್ದ ನಿಯಮಕ್ಕೆ ‘ನೋ ಡಿಟೆನ್ಷನ್’ ಎಂಬ ಹೆಸರು ಬಂದದ್ದು, 2019ರಲ್ಲಿ ಅದಕ್ಕೆ ತಿದ್ದುಪಡಿಯಾದದ್ದು ನಿಮಗೆ ನೆನಪಿರಬಹುದು. ಈ ಮೂರೂ ಅರ್ಥಗಳಲ್ಲಿ ಸಮಾನವಾದದ್ದು ಒಂದೇ: ಹೋಗಬೇಕಾದವರನ್ನು ಹೋಗಗೊಡದೆ ಹಿಡಿದದ್ದು.

ಇನ್ನು ಕನ್‌ಫೈನ್. ಇದರ ಹೊಟ್ಟೆಯೊಳಗಿರುವುದು ‘ಫಿನಿಸ್’ ಎಂಬ ಲ್ಯಾಟಿನ್ ಪದ. ಅಂದರೆ ಎಲ್ಲೆ, ಕೊನೆ, ಗಡಿ. ಕನ್ನಡದಲ್ಲಿ ಇದಕ್ಕೆ ತೀರ ಹತ್ತಿರದ ಪದ ‘ನಿರ್ಬಂಧಿಸು’ ಅಲ್ಲ, ‘ಸೀಮಿತ’. ಸೀಮೆಯಿಂದ ಸೀಮಿತ ಹುಟ್ಟಿದ ಹಾಗೆಯೇ ಎಲ್ಲೆಯಿಂದ ಕನ್‌ಫೈನ್ ಹುಟ್ಟಿತು. ರಿಸ್ಟ್ರಿಕ್ಟ್, ರಿಸ್ಟ್ರೇನ್, ಕನ್‌ಸ್ಟ್ರೇನ್ ಈ ಮೂರೂ ‘ಬಿಗಿ, ಕಟ್ಟು’ ಎಂಬ ಅರ್ಥದ ಇನ್ನೊಂದು ಲ್ಯಾಟಿನ್ ಧಾತುವಿನ ಮಕ್ಕಳು. ನಮ್ಮ ‘ನಿರ್ಬಂಧ’ದ ‘ಬಂಧ’ವೂ ಕಟ್ಟುವುದೇ ಆದ್ದರಿಂದ, ಆ ಪದ ಈ ಗುಂಪಿಗೆ ಸರಿಯಾಗಿ ಹೊಂದುತ್ತದೆ, ಕನ್‌ಫೈನ್‌ಗೆ ಹೊಂದುವುದಿಲ್ಲ. ಡಿಟೇನ್ ಕೈಯ ಕೆಲಸವಾದರೆ, ಕನ್‌ಫೈನ್ ಬೇಲಿಯ ಕೆಲಸ, ರಿಸ್ಟ್ರೇನ್ ಹಗ್ಗದ ಕೆಲಸ. ವಾಕ್ಯ ಬರೆಯುವ ಮೊದಲು ‘ಇಲ್ಲಿರುವುದು ಕೈಯೋ, ಬೇಲಿಯೋ, ಹಗ್ಗವೋ?’ ಎಂದು ಕೇಳಿಕೊಂಡರೆ ಮುಕ್ಕಾಲು ಪಾಲು ತೊಡಕು ಬಿಡಿಸಿದಂತೆಯೇ.

ಇದನ್ನು ಕಣ್ಣಾರೆ ನೋಡಬೇಕಾದರೆ ಆನೆ ಶಿಬಿರಕ್ಕಿಂತ ಒಳ್ಳೆಯ ಪಾಠಶಾಲೆ ನಮ್ಮ ಜಿಲ್ಲೆಯಲ್ಲಿಲ್ಲ. ದುಬಾರೆಯಲ್ಲಿ, ಹೊಸದಾಗಿ ಸೆರೆಹಿಡಿದ ಕಾಡಾನೆಯನ್ನು ದಪ್ಪ ಮರದ ದಿಮ್ಮಿಗಳಿಂದ ಕಟ್ಟಿದ ಕ್ರಾಲ್‌ನೊಳಗೆ ಬಿಡುತ್ತಾರೆ. ದಿಮ್ಮಿಗಳ ನಡುವಿನ ಸಂದಿಯಿಂದ ಸೊಂಡಿಲು ಹೊರಬರಬಹುದು, ಆನೆ ಬರಲಾರದು. ಆ ಆನೆ ಕನ್‌ಫೈನ್ಡ್. ಸುತ್ತ ಎಲ್ಲೆಯಿದೆ, ಎಲ್ಲೆಯೊಳಗೆ ಅದು ಅತ್ತಿತ್ತ ತಿರುಗಬಹುದು. ಅದರ ಕಾಲಿಗೆ ಹಗ್ಗ ಬಿಗಿದು ಕಂಬಕ್ಕೆ ಕಟ್ಟಿದಾಗ ಅದು ರಿಸ್ಟ್ರೇನ್ಡ್. ಈಗ ತಡೆಯುತ್ತಿರುವುದು ಗೋಡೆಯಲ್ಲ, ಮೈಗೆ ತಾಗಿದ ಕಟ್ಟು. ಪಳಗಿದ ಮೇಲೆ ರಾತ್ರಿ ಮೇಯಲು ಕಾಡಿಗೆ ಬಿಡುವಾಗ ಕಾಲಿನಲ್ಲಿ ಎಳೆಸರಪಳಿಯಿದ್ದರೆ, ಬೆಳಿಗ್ಗೆ ಮಾವುತ ನೆಲದ ಮೇಲಿನ ಆ ಗೆರೆಯನ್ನೇ ಹಿಡಿದು ಹುಡುಕಿಕೊಂಡು ಹೋಗುತ್ತಾನೆ. ಆ ಹೊತ್ತಿನಲ್ಲಿ ಆನೆ ಕನ್‌ಫೈನ್ಡ್ ಅಲ್ಲವೇ ಅಲ್ಲ. ಆದರೆ ಅದರ ಓಡಾಟ ರಿಸ್ಟ್ರಿಕ್ಟೆಡ್: ಹೋಗಬಹುದು, ಬೇಕಾದಷ್ಟು ದೂರ, ಬೇಕಾದಷ್ಟು ವೇಗವಾಗಿ ಹೋಗಲಾರದು. ಈ ಮೂರೂ ಸ್ಥಿತಿಯ ಆನೆಯನ್ನು ಒಟ್ಟಾರೆ ‘ಕ್ಯಾಪ್ಟಿವ್’ ಎನ್ನುತ್ತಾರೆ. ಅದು ಸೆರೆ ಎಂಬ ಸ್ಥಿತಿಯ ಹೆಸರು, ಆ ಗಳಿಗೆಯ ತಡೆಯ ಹೆಸರಲ್ಲ. ಶಿಬಿರದ ಆನೆ ಹೊಳೆಯಲ್ಲಿ ಸ್ನಾನ ಮಾಡುತ್ತಿರುವಾಗಲೂ ಕ್ಯಾಪ್ಟಿವ್ ಆನೆಯೇ.

ರಿಸ್ಟ್ರಿಕ್ಟ್ ಬಗ್ಗೆ ಇನ್ನೊಂದು ಮಾತು. ಈ ಪದ ವ್ಯಕ್ತಿಗಿಂತ ವ್ಯಕ್ತಿಯ ಕ್ರಿಯೆಗೆ, ಪ್ರಮಾಣಕ್ಕೆ, ಸಂಚಾರಕ್ಕೆ ಹೆಚ್ಚು ಒಗ್ಗುತ್ತದೆ. ಘಟ್ಟದ ರಸ್ತೆ ಕುಸಿಯುವ ಭಯವಿದ್ದಾಗ ಜಿಲ್ಲಾಡಳಿತ ಭಾರೀ ವಾಹನಗಳನ್ನು ತಡೆದು ಸಣ್ಣ ವಾಹನಗಳನ್ನು ಬಿಟ್ಟರೆ, ಆ ರಸ್ತೆಯ ಸಂಚಾರ ರಿಸ್ಟ್ರಿಕ್ಟೆಡ್. ಎಲ್ಲವನ್ನೂ ತಡೆದರೆ ರಸ್ತೆ ಕ್ಲೋಸ್ಡ್, ಅಥವಾ ಸಂಚಾರ ಬ್ಯಾನ್ಡ್. ನಮ್ಮ ಪತ್ರಿಕೆಗಳು ‘ಸಂಚಾರ ನಿರ್ಬಂಧ’ ಎಂದು ಎರಡಕ್ಕೂ ಬರೆಯುತ್ತವೆ. ಓದಿದ ಚಾಲಕನಿಗೆ ತನ್ನ ಜೀಪು ಸಂಪಾಜೆ ದಾಟುತ್ತದೆಯೋ ಇಲ್ಲವೋ ತಿಳಿಯುವುದಿಲ್ಲ. ಸ್ವಲ್ಪ ಬಿಟ್ಟು ಸ್ವಲ್ಪ ತಡೆದರೆ ಕನ್ನಡದಲ್ಲಿ ನಿರ್ಬಂಧ, ಪೂರ್ತಿ ತಡೆದರೆ ನಿಷೇಧ ಎಂಬ ಭೇದವನ್ನು ನಾವೂ ಉಳಿಸಿಕೊಳ್ಳಬೇಕು ಎಂದು ನನ್ನ ಬಲವಾದ ಅಭಿಪ್ರಾಯ. ಸಂವಿಧಾನದ 19ನೇ ವಿಧಿ ಸ್ವಾತಂತ್ರ್ಯಗಳ ಮೇಲೆ ಹೇರಲು ಒಪ್ಪುವುದೂ ‘ರೀಸನೆಬಲ್ ರಿಸ್ಟ್ರಿಕ್ಷನ್ಸ್’ ಅನ್ನೇ. ಲಿಮಿಟ್ ಎಂಬುದು ಸಂಖ್ಯೆಯ ಪದ. ವೇಗಕ್ಕೆ, ಹಣಕ್ಕೆ, ಹೊತ್ತಿಗೆ ಅದನ್ನು ಬಳಸಿ. ಕನ್‌ಸ್ಟ್ರೇನ್ ಹೆಚ್ಚಾಗಿ ಪರಿಸ್ಥಿತಿಯ ಒತ್ತಡವನ್ನು ಹೇಳುತ್ತದೆ. ಆಳಿನ ಕೊರತೆಯಿಂದ ಕೊಯ್ಲು ನಿಧಾನವಾದರೆ ಅದು ಕನ್‌ಸ್ಟ್ರೇಂಟ್.

ಕನ್‌ಫೈನ್ ಮತ್ತು ರಿಸ್ಟ್ರಿಕ್ಟ್‌ಗಳ ಮುಂದೆ ‘ಟು’ ಬರುತ್ತದೆ, ರಿಸ್ಟ್ರೇನ್ ಮುಂದೆ ‘ಫ್ರಮ್’ ಬರುತ್ತದೆ ಎಂಬುದನ್ನು ಗಟ್ಟಿ ಮಾಡಿಕೊಳ್ಳಿ. ಎಲ್ಲೆಯ ಪದವು ಯಾವುದರ ಒಳಗೆ ಎಂದು ಹೇಳುತ್ತದೆ, ಹಗ್ಗದ ಪದವು ಯಾವುದರಿಂದ ದೂರ ಎಂದು ಹೇಳುತ್ತದೆ. ‘ಕನ್‌ಫೈನ್ಡ್ ಟು ಬೆಡ್’ ಎಂದರೆ ಹಾಸಿಗೆ ಹಿಡಿದವರು. ‘ರಿಸ್ಟ್ರೇನ್ಡ್ ಫ್ರಮ್ ಕಟಿಂಗ್ ಟ್ರೀಸ್’ ಎಂದರೆ ಮರ ಕಡಿಯದಂತೆ ತಡೆಯಲ್ಪಟ್ಟವರು, ನ್ಯಾಯಾಲಯದ ತಡೆಯಾಜ್ಞೆಗಳ ಇಂಗ್ಲಿಷಿನಲ್ಲಿ ಈ ಎರಡನೆಯದು ಪದೇ ಪದೇ ಬರುತ್ತದೆ. ನಿಮ್ಮ ತೋಟದ ವರದಿಗೆ ಕನ್‌ಫೈನ್ ಇನ್ನೊಂದು ರೀತಿಯಲ್ಲಿ ಬಹಳ ಉಪಯೋಗಕ್ಕೆ ಬರುತ್ತದೆ. ಬಿಳಿ ಕಾಂಡಕೊರಕದ ಹಾವಳಿ ಅರೇಬಿಕಾ ಇರುವ ಒಂದು ಬ್ಲಾಕಿನಲ್ಲಷ್ಟೇ ಇದ್ದು ಬೇರೆಡೆಗೆ ಹರಡಿಲ್ಲವಾದರೆ, ‘ಕನ್‌ಫೈನ್ಡ್ ಟು ಒನ್ ಬ್ಲಾಕ್’ ಎಂದು ಬರೆಯಿರಿ. ಅಲ್ಲಿ ಸೆರೆಯ ಸುಳಿವೂ ಇಲ್ಲ. ‘ಅಷ್ಟಕ್ಕೇ ಸೀಮಿತ’ ಎಂಬ ನೆಮ್ಮದಿಯ ಸುದ್ದಿಯಿದೆ.

ಈಗ ಮಳೆಯ ವಿಷಯಕ್ಕೆ ಬರುತ್ತೇನೆ, ಏಕೆಂದರೆ ನಿಮ್ಮ ಪ್ರಶ್ನೆ ಹುಟ್ಟಿದ್ದೇ ಅಲ್ಲಿ. ಭಾಗಮಂಡಲದಿಂದ ನಾಪೋಕ್ಲುವಿಗೆ ಬರುವ ರಸ್ತೆಯ ಮೇಲೆ ನೀರು ನಿಂತ ದಿನ, ತಡೆದವರು ಯಾರೂ ಇಲ್ಲ. ಕೈಯಿಲ್ಲ, ಹಗ್ಗವಿಲ್ಲ, ಯಾರೂ ಹಾಕಿದ ಬೇಲಿಯೂ ಇಲ್ಲ. ಪ್ರಕೃತಿ ತಡೆದಾಗ ಇಂಗ್ಲಿಷ್ ಬೇರೆಯದೇ ಪದಗಳ ಮನೆಗೆ ಹೋಗುತ್ತದೆ. ಊರಿನ ಸಂಪರ್ಕ ಕಡಿದುಹೋದರೆ ‘ಕಟ್ ಆಫ್’. ಪ್ರಯಾಣಕ್ಕೆ ಹೊರಟವರು ಮಧ್ಯದಲ್ಲಿ ಮುಂದಕ್ಕೂ ಹೋಗಲಾರದೆ ಹಿಂದಕ್ಕೂ ಬರಲಾರದೆ ಉಳಿದರೆ ‘ಸ್ಟ್ರ್ಯಾಂಡೆಡ್’. ‘ಸ್ಟ್ರ್ಯಾಂಡ್’ ಎಂದರೆ ದಡ, ಹಡಗು ದಡದ ಮರಳಿಗೆ ಸಿಕ್ಕಿಹಾಕಿಕೊಂಡ ಚಿತ್ರದಿಂದ ಬಂದ ಪದ ಅದು. ಆದ್ದರಿಂದ ತಮ್ಮ ಮನೆಯಲ್ಲೇ ಇರುವವರನ್ನು ಸ್ಟ್ರ್ಯಾಂಡೆಡ್ ಎನ್ನುವಂತಿಲ್ಲ. ಬಸ್ಸಿಲ್ಲದೆ ಮೂರ್ನಾಡಿನಲ್ಲಿ ಉಳಿದವರು ಸ್ಟ್ರ್ಯಾಂಡೆಡ್. ಸುತ್ತಲೂ ನೀರು ಆವರಿಸಿ ಮನೆಯೋ ದಿಬ್ಬವೋ ದ್ವೀಪದಂತಾದರೆ ‘ಮರೂನ್ಡ್’. ಕರಡಿಗೋಡು, ಗುಹ್ಯದಂಥ ಹೊಳೆದಂಡೆಯ ಊರುಗಳ ಪ್ರವಾಹದ ಸುದ್ದಿಗೆ ಇದು ಸರಿಯಾದ ಪದ. ಕೆಲಸಕ್ಕೆ ಬರುವುದು ತಡವಾದರೆ ‘ಹೆಲ್ಡ್ ಅಪ್’. ಆಡುಮಾತಿನಲ್ಲಿ ಇದೆಲ್ಲಕ್ಕೂ ‘ಸ್ಟಕ್’ ನಡೆಯುತ್ತದೆ, ವರದಿಯಲ್ಲಿ ಅದು ಸಡಿಲವಾಗಿ ಕಾಣುತ್ತದೆ.

‘ಟ್ರ್ಯಾಪ್ಡ್’ ಬಗ್ಗೆ ಮಾತ್ರ ನಾನು ನಿಂತು ಹೇಳಬೇಕು. ಕನ್ನಡದಲ್ಲಿ ‘ಸಿಲುಕಿದ್ದಾರೆ’ ಎಂಬ ಒಂದೇ ಕ್ರಿಯಾಪದ ಸ್ಟಕ್, ಸ್ಟ್ರ್ಯಾಂಡೆಡ್, ಟ್ರ್ಯಾಪ್ಡ್ ಮೂರನ್ನೂ ಹೊರುತ್ತದೆ. 2018ರ ಆಗಸ್ಟಿನಲ್ಲಿ ಮಕ್ಕಂದೂರು, ಜೋಡುಪಾಲದ ಕಡೆ ಗುಡ್ಡಗಳು ಜರಿದಾಗ, ಹೊರಗಿನವರಿಗೆ ಇಂಗ್ಲಿಷಿನಲ್ಲಿ ಸಂದೇಶ ಬರೆದುಕೊಡುವ ಕೆಲಸದಲ್ಲಿ ನಾನೂ ಕೈಜೋಡಿಸಿದ್ದೆ. ‘ಎತ್ತರದ ಮನೆಯೊಂದರಲ್ಲಿ ಕುಟುಂಬವೊಂದು ಸಿಲುಕಿದೆ’ ಎಂದು ಬಂದ ಮಾತನ್ನು ನಾನು ಆತುರದಲ್ಲಿ ‘ಟ್ರ್ಯಾಪ್ಡ್’ ಎಂದು ಬರೆದೆ. ಮಣ್ಣಿನಡಿ ಸಿಕ್ಕಿಕೊಂಡಿದ್ದಾರೆಂದು ತಿಳಿದವರಿಂದ ಒಂದರ ಮೇಲೊಂದು ಕರೆಗಳು ಬಂದವು. ವಾಸ್ತವದಲ್ಲಿ ಅವರ ಮನೆ ಗಟ್ಟಿಯಾಗಿತ್ತು, ಅಕ್ಕಿಯಿತ್ತು. ದಾರಿ ಮಾತ್ರ ಕೊಚ್ಚಿಹೋಗಿತ್ತು. ನಾನು ಬರೆಯಬೇಕಾಗಿದ್ದದ್ದು ‘ಕಟ್ ಆಫ್, ಸೇಫ್ ಫಾರ್ ನೌ’. ಒಂದೊಂದು ತಂಡವೂ ಎಣಿಕೆಗೆ ಸಿಗುವ ಹೊತ್ತಿನಲ್ಲಿ ಆ ಒಂದು ಪದದಿಂದ ಬೇರೆ ಕಡೆ ಬೇಕಾದವರ ಗಮನ ಈ ಕಡೆ ತಿರುಗಿತು ಎಂಬ ನೋವು ನನ್ನನ್ನು ಇಂದಿಗೂ ಬಿಟ್ಟಿಲ್ಲ. ಹೊರಬರಲು ಇತರರ ನೆರವು ಬೇಕೇಬೇಕು, ತಡವಾದರೆ ಜೀವಕ್ಕೆ ಅಪಾಯ ಎಂಬಾಗ ಮಾತ್ರ ಟ್ರ್ಯಾಪ್ಡ್ ಬರೆಯಿರಿ. ಬರೆಯಬೇಕಾದಾಗ ಹಿಂಜರಿಯದೆ ಬರೆಯಿರಿ.

ಕೋವಿಡ್ ಕಾಲ ತಂದ ಎರಡು ಪದಗಳನ್ನು ಇಲ್ಲೇ ಮುಗಿಸುತ್ತೇನೆ. ರೋಗ ತಗಲಿದವರನ್ನು ಬೇರೆಯಿಡುವುದು ಐಸೊಲೇಷನ್, ತಗಲಿರಬಹುದಾದವರನ್ನು ಕಾದು ನೋಡುವುದು ಕ್ವಾರಂಟೈನ್. ಎರಡನೆಯದು ನಲವತ್ತು ಎಂಬ ಇಟಾಲಿಯನ್ ಪದದಿಂದ, ಹಡಗುಗಳನ್ನು ಬಂದರಿನಾಚೆ ನಲವತ್ತು ದಿನ ನಿಲ್ಲಿಸುತ್ತಿದ್ದ ಪದ್ಧತಿಯಿಂದ ಬಂದದ್ದು.

ನಿಮ್ಮಂಥ ರೈಟರರು ದೂರು ಬರೆದುಕೊಡಬೇಕಾದ ಸಂದರ್ಭಗಳೂ ಬರುವುದರಿಂದ ಕಾನೂನಿನ ಎರಡು ಪದಗಳನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ನಮ್ಮಲ್ಲಿ ತೋಟಕ್ಕೆ ಹೋಗುವ ದಾರಿಯ ತಗಾದೆ ಅಪರೂಪವಲ್ಲ. ಪಕ್ಕದವರು ದಾರಿಗೆ ಅಡ್ಡಲಾಗಿ ಕಬ್ಬಿಣದ ಗೇಟು ನಿಲ್ಲಿಸಿ, ಸರಪಳಿ ಸುತ್ತಿ ಬೀಗ ಹಾಕಿದರು ಎಂದಿಟ್ಟುಕೊಳ್ಳಿ. ಆ ದಾರಿಯಲ್ಲಿ ನಡೆಯುವ ಹಕ್ಕಿರುವವರು ಗೇಟಿನ ಹೊರಗೆ ನಿಂತಿದ್ದಾರೆ. ಆ ಒಂದು ದಿಕ್ಕಿಗೆ ಹೋಗಲಾರರು, ಹಿಂತಿರುಗಿ ಎಲ್ಲಿಗೆ ಬೇಕಾದರೂ ಹೋಗಬಲ್ಲರು. ಇದು ‘ರಾಂಗ್‌ಫುಲ್ ರಿಸ್ಟ್ರೇಂಟ್’, ಕನ್ನಡದಲ್ಲಿ ಅಕ್ರಮ ತಡೆ. 1860ರ ಭಾರತೀಯ ದಂಡ ಸಂಹಿತೆಯ 339ನೇ ಕಲಮಿನಲ್ಲಿ ಕೊಟ್ಟಿದ್ದ ಉದಾಹರಣೆಯೂ ದಾರಿಯನ್ನು ಅಡ್ಡಗಟ್ಟಿದ್ದೇ ಆಗಿತ್ತು. ದಾರಿಯನ್ನು ಮುಚ್ಚುವ ಹಕ್ಕು ತನಗಿದೆ ಎಂದು ಸದ್ಭಾವನೆಯಿಂದ ನಂಬಿ, ಖಾಸಗಿ ದಾರಿಯನ್ನು ಮುಚ್ಚಿದವರಿಗೆ ಅದು ಅನ್ವಯಿಸದು ಎಂಬ ವಿನಾಯಿತಿಯೂ ಅಲ್ಲೇ ಇತ್ತು. ಅದೇ ಗೇಟಿನ ಒಳಗೆ ನಿಮ್ಮನ್ನು ಬಿಟ್ಟು ಬೀಗ ಹಾಕಿ, ಬೇರೆ ದಾರಿಯೇ ಇಲ್ಲದಂತೆ ಮಾಡಿದರೆ ಚಿತ್ರ ಬದಲಾಗುತ್ತದೆ. ಈಗ ನಾಲ್ಕೂ ಕಡೆ ಎಲ್ಲೆಯಿದೆ. ಇದು ‘ರಾಂಗ್‌ಫುಲ್ ಕನ್‌ಫೈನ್‌ಮೆಂಟ್’, ಅಕ್ರಮವಾಗಿ ಕೂಡಿಹಾಕುವುದು. ಹಳೆಯ ಸಂಹಿತೆಯ 340ನೇ ಕಲಂ. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯಲ್ಲಿ ಇವು ಕ್ರಮವಾಗಿ 126 ಮತ್ತು 127ನೇ ಕಲಮುಗಳಾಗಿವೆ. ಮೊದಲನೆಯದಕ್ಕೆ ಗರಿಷ್ಠ ಒಂದು ತಿಂಗಳ ಸಾದಾ ಸೆರೆವಾಸ, ಎರಡನೆಯದಕ್ಕೆ ಸಾಮಾನ್ಯ ಸಂದರ್ಭದಲ್ಲಿ ಗರಿಷ್ಠ ಒಂದು ವರ್ಷ ಎಂಬುದನ್ನು ನೋಡಿದರೆ, ಹಗ್ಗಕ್ಕೂ ಬೇಲಿಗೂ ಕಾನೂನು ಎಷ್ಟು ಅಂತರ ಕೊಟ್ಟಿದೆ ಎಂದು ತಿಳಿಯುತ್ತದೆ. ‘ಅಡ್ಡಗಟ್ಟಿದರು’ ಎಂದು ಕನ್ನಡದಲ್ಲಿ ಸರಿಯಾಗಿಯೇ ಬರೆದ ದೂರು, ಅನುವಾದದಲ್ಲಿ ‘ಕನ್‌ಫೈನ್ಡ್’ ಆಗಿ ಹೋಗಿ, ವಿಚಾರಣೆಯಲ್ಲಿ ‘ನೀವು ಹೊರಗೆ ನಿಂತಿದ್ದಿರಾ, ಒಳಗಿದ್ದಿರಾ?’ ಎಂಬ ಪ್ರಶ್ನೆಗೆ ದೂರುದಾರರು ತಬ್ಬಿಬ್ಬಾದದ್ದನ್ನು ನಾನು ಕಂಡಿದ್ದೇನೆ. ಅವರು ಸುಳ್ಳು ಹೇಳಿರಲಿಲ್ಲ. ಅವರ ಪರವಾಗಿ ಪದವೊಂದು ಸುಳ್ಳು ಹೇಳಿತ್ತು.

ಜೈಲಿನ ಪದಗಳಲ್ಲಿ ತೊಡಕು ಕಡಿಮೆ. ‘ಇಂಪ್ರಿಸನ್’ ಎಂದರೆ ಸೆರೆಮನೆಯಲ್ಲಿಡುವುದು, ಸಾಮಾನ್ಯವಾಗಿ ಶಿಕ್ಷೆಯಾಗಿ. ವಿಚಾರಣೆ ಮುಗಿಯದವರು ‘ಇನ್ ಕಸ್ಟಡಿ’ ಇರುತ್ತಾರೆ. ‘ಇಂಟರ್ನ್’ ಯುದ್ಧಕಾಲದಲ್ಲಿ ಶತ್ರುದೇಶದ ನಾಗರಿಕರನ್ನು ಶಿಬಿರದಲ್ಲಿಡುವುದು; ಕಾಲೇಜು ಮಕ್ಕಳ ಇಂಟರ್ನ್‌ಶಿಪ್ಪಿನೊಡನೆ ಬೆರೆಸಬೇಡಿ. ಕೊಡಗಿನ ಇತಿಹಾಸದಲ್ಲೇ ಎರಡು ಬಗೆಯ ಸೆರೆಗಳ ಉದಾಹರಣೆ ಇದೆ. ಟಿಪ್ಪುವಿನ ವಶದಲ್ಲಿದ್ದ ದೊಡ್ಡವೀರರಾಜೇಂದ್ರ 1788ರಲ್ಲಿ ಪಿರಿಯಾಪಟ್ಟಣದ ಕೋಟೆಯಿಂದ ತಪ್ಪಿಸಿಕೊಂಡು ಬಂದ. ಅವನು ಅಲ್ಲಿ ಕನ್‌ಫೈನ್ಡ್ ಆಗಿದ್ದ ಎನ್ನುವುದು ಸರಿ, ಕೋಟೆಗೋಡೆಯೇ ಅವನ ಎಲ್ಲೆ. 1834ರಲ್ಲಿ ಬ್ರಿಟಿಷರು ಪದಚ್ಯುತಗೊಳಿಸಿದ ಚಿಕ್ಕವೀರರಾಜೇಂದ್ರನನ್ನು ಕಾಶಿಗೆ ಕಳುಹಿಸಿದರು. 1852ರಲ್ಲಿ ಅವನು ಮಗಳು ಗೌರಮ್ಮನೊಡನೆ ಇಂಗ್ಲೆಂಡಿಗೂ ಹೋದ, 1859ರಲ್ಲಿ ಲಂಡನ್ನಿನಲ್ಲೇ ತೀರಿಕೊಂಡ. ಅಷ್ಟು ದೂರ ಪ್ರಯಾಣ ಮಾಡಿದವನನ್ನು ಇಂಪ್ರಿಸನ್ಡ್ ಎನ್ನಲಾಗದು. ಊರಿನಿಂದ ದೂರವಿಟ್ಟವನಿಗೆ ‘ಎಕ್ಸೈಲ್ಡ್’ ಎಂಬುದೇ ಸರಿಯಾದ ಪದ.

ಹಳೆಯ ಆಸ್ಪತ್ರೆ ಚೀಟಿಗಳಲ್ಲಿ ‘ಕನ್‌ಫೈನ್‌ಮೆಂಟ್’ ಎಂಬ ಪದ ಕಂಡರೆ ಬೆದರಬೇಡಿ. ಅದು ಹೆರಿಗೆ. ಬಾಣಂತಿ ಕೋಣೆ ಬಿಟ್ಟು ಹೊರಬಾರದಿದ್ದ ಕಾಲದ ಪದ. 1948ರ ಕಾರ್ಮಿಕರ ರಾಜ್ಯ ವಿಮಾ ಕಾಯ್ದೆ ಹೆರಿಗೆಗೆ ಇದೇ ಪದ ಬಳಸಿ ಅದರ ವ್ಯಾಖ್ಯೆಯನ್ನೂ ಕೊಟ್ಟಿತ್ತು. ಹೊಸ ಬರವಣಿಗೆಯಲ್ಲಿ ‘ಡೆಲಿವರಿ’ ಎನ್ನುವುದೇ ವಾಸಿ.

ನಿಮ್ಮ ಆ ದಿನದ ವರದಿಯನ್ನು ನಾನಾದರೆ ಹೀಗೆ ಬರೆಯುತ್ತಿದ್ದೆ: ‘ದಿ ರೋಡ್ ಈಸ್ ಅಂಡರ್ ವಾಟರ್ ಅಂಡ್ ದಿ ಲೈನ್ಸ್ ಆರ್ ಕಟ್ ಆಫ್. ವರ್ಕರ್ಸ್ ಆರ್ ಸೇಫ್ ಬಟ್ ಕುಡ್ ನಾಟ್ ಕಮ್ ಟು ವರ್ಕ್.’ ನೀರು ಏನು ಮಾಡಿತು, ಜನ ಹೇಗಿದ್ದಾರೆ, ಕೆಲಸ ಏನಾಯಿತು ಎಂಬ ಮೂರೂ ಇದರಲ್ಲಿವೆ. ಕಕ್ಕಡ ತಿಂಗಳ ಮಳೆ ಬಿಡದೆ ಸುರಿದು ಎಲ್ಲರೂ ತಾವಾಗಿ ಒಳಗೇ ಉಳಿದರೆ ‘ಸ್ಟೇಡ್ ಇಂಡೋರ್ಸ್’ ಸಾಕು. ಅಲ್ಲಿ ನಿರ್ಬಂಧದ ಪದವೇ ಬೇಡ.

ಕೊನೆಯದಾಗಿ, ನೀವು ಕೇಳದಿದ್ದರೂ ನಿಮ್ಮ ಕೆಲಸಕ್ಕೆ ಬೇಕಾಗುವ ಒಂದು ವಿಷಯ. ಊರ ದೇವರ ಹಬ್ಬಕ್ಕೆ ಮೊದಲು ನಮ್ಮ ಹಳ್ಳಿಗಳಲ್ಲಿ ‘ಕಟ್ಟು’ ಬೀಳುತ್ತದೆಯಲ್ಲ, ಆಗ ಮರ ಕಡಿಯುವುದು, ಪ್ರಾಣಿವಧೆ, ಮದುವೆಯಂಥವು ಊರೂರಿನ ಪದ್ಧತಿಯಂತೆ ನಿಲ್ಲುತ್ತವೆ. ಮರಗಸಿಗೆ, ಅಂದರೆ ತೋಟದ ನೆರಳುಮರಗಳ ಕೊಂಬೆ ಸವರಲು, ಜನ ಬರುವುದಿಲ್ಲ. ಇದನ್ನು ‘ವಿಲೇಜರ್ಸ್ ಆರ್ ರಿಸ್ಟ್ರೇನ್ಡ್’ ಎಂದು ಬರೆದರೆ ಯಾರೋ ಅವರನ್ನು ಬಲವಂತದಿಂದ ತಡೆದಂತಾಗುತ್ತದೆ. ಕಟ್ಟು ಎಂಬ ಪದದಲ್ಲಿ ಹಗ್ಗವಿರುವುದು ನಿಜವೇ, ಆದರೆ ಆ ಹಗ್ಗವನ್ನು ಊರಿನವರು ತಾವೇ ಒಪ್ಪಿ ಕಟ್ಟಿಕೊಂಡಿದ್ದಾರೆ. ತಾವಾಗಿ ಪಾಲಿಸುವ ನಿಯಮಕ್ಕೆ ಇಂಗ್ಲಿಷಿನಲ್ಲಿ ‘ಅಬ್ಸರ್ವ್’, ತಾವಾಗಿ ಬಿಟ್ಟಿರುವ ಕೆಲಸಕ್ಕೆ ‘ರಿಫ್ರೇನ್’ ಎಂಬ ಕ್ರಿಯಾಪದಗಳಿವೆ. ‘ದಿ ವಿಲೇಜ್ ಈಸ್ ಅಬ್ಸರ್ವಿಂಗ್ ಕಟ್ಟು ಟಿಲ್ ದಿ ಫೆಸ್ಟಿವಲ್, ನೋ ಟ್ರೀಸ್ ವಿಲ್ ಬಿ ಲಾಪ್ಡ್’ ಎಂದು ಬರೆಯಿರಿ, ಕಟ್ಟು ಎಂಬ ಪದವನ್ನು ಹಾಗೆಯೇ ಉಳಿಸಿ. ಮಾಲೀಕರು ಕೊಡಗಿನವರಾದರೆ ಅವರಿಗೆ ವಿವರಣೆ ಬೇಡ. ಹೊರಗಿನವರಾದರೆ ಒಮ್ಮೆ ಫೋನಿನಲ್ಲಿ ಬಿಡಿಸಿ ಹೇಳಿ.